ಹದಿಮೂರು ಸಲ ‘ಹರಿಹರ’: ಒಂದು ಹಾಸ್ಟೆಲಿನ ಪ್ರಯಾಣ ನಿಯಮದ ಪ್ರಕರಣ ಅಧ್ಯಯನ

ಇದು ದಾವಣಗೆರೆ ನಗರದ ಒಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಕೋವಿಡ್ ಕಾಲದಲ್ಲಿ, 2021ರ ಜುಲೈನಿಂದ 2022ರ ಜನವರಿವರೆಗೆ ನಡೆದ ಪ್ರಕರಣ. ಸಂಸ್ಥೆಯ ಹೆಸರು, ಅಲ್ಲಿನ ಕೋರ್ಸುಗಳು, ಹಾಸ್ಟೆಲ್ ಇರುವ ಬಡಾವಣೆ ಯಾವುದನ್ನೂ ಇಲ್ಲಿ ಹೇಳಿಲ್ಲ. ವ್ಯಕ್ತಿಗಳ ಗುರುತು ಹತ್ತಬಹುದಾದ ಕಡೆ ಸಂಖ್ಯೆಗಳನ್ನೂ ಊರುಗಳನ್ನೂ ತುಸು ಬದಲಿಸಿದೆ. ಸರ್ಕಾರಿ ಆದೇಶಗಳ ದಿನಾಂಕಗಳು ಮಾತ್ರ ಇದ್ದ ಹಾಗೇ ಇವೆ. ಹಾಸ್ಟೆಲ್ ನಡೆಸುವವರಿಗೆ, ಕಾಲೇಜಿನ ಆಡಳಿತ ನೋಡುವವರಿಗೆ, ಮುಂದೆ ಇಂಥದೇ ಹೊತ್ತು ಬಂದಾಗ ನಿಯಮ ಬರೆಯಲು ಕೂರುವವರಿಗೆ ಇದು ಉಪಯೋಗಕ್ಕೆ ಬರಲಿ ಎಂದು ಬರೆದದ್ದು.

ಹಿನ್ನೆಲೆ

ಎರಡನೇ ಅಲೆ ಇಳಿಯುವ ಹೊತ್ತಿಗೆ ದಾವಣಗೆರೆ ಸಾಕಷ್ಟು ನೊಂದಿತ್ತು. 2021ರ ಜೂನ್ 14ರಿಂದ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಲಾಕ್‌ಡೌನ್ ಸಡಿಲವಾದರೂ 11 ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು. ಅವುಗಳಲ್ಲಿ ಇದೂ ಒಂದು. ಆಮೇಲೆ ಜುಲೈ 26ರಿಂದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳನ್ನು ಮತ್ತೆ ಕೊಠಡಿಯಲ್ಲೇ ನಡೆಸಲು ಸರ್ಕಾರ ಒಪ್ಪಿತು. ಬರುವವರು ಕನಿಷ್ಠ ಒಂದು ಡೋಸ್ ಲಸಿಕೆ ಹಾಕಿಸಿಕೊಂಡಿರಬೇಕು ಎಂಬುದು ಷರತ್ತು. ಆಗ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರಗಳ ಅಂತರ ಇರಬೇಕಿತ್ತು. ಜೂನ್ ಕೊನೆಯಲ್ಲಿ ಮೊದಲ ಡೋಸ್ ಪಡೆದ ಹುಡುಗರಿಗೆ ಎರಡನೆಯದರ ಸರದಿ ಸೆಪ್ಟೆಂಬರ್ ಕೊನೆಗೆ. ಅಂದರೆ ಈ ಪ್ರಕರಣದ ಮುಖ್ಯ ಘಟ್ಟದಲ್ಲಿ ಹಾಸ್ಟೆಲಿನ ಬಹುಪಾಲು ಮಕ್ಕಳದು ಅರ್ಧ ರಕ್ಷಣೆ.

ಹಾಸ್ಟೆಲಿನಲ್ಲಿ ಸುಮಾರು 200 ಮಂದಿ. ಕೊಠಡಿಗೆ ಮೂವರು, ಮಹಡಿಗೊಂದು ಸಾಲು ಶೌಚಾಲಯ, ಎಲ್ಲರಿಗೂ ಒಂದೇ ಊಟದ ಹಾಲ್. ಹೆಚ್ಚಿನವರು ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ, ರಾಣೆಬೆನ್ನೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು. ಇಪ್ಪತ್ತರಷ್ಟು ಮಂದಿ ಕೇರಳ, ಜಾರ್ಖಂಡ್, ಈಶಾನ್ಯ ರಾಜ್ಯಗಳವರು.

ತರಗತಿ ಶುರುವಾಗುವ ಮುನ್ನ ಸಂಸ್ಥೆ ಪ್ರಯಾಣ ನಿಯಮವನ್ನು ಒಂದು ಪುಟದಲ್ಲಿ ಬರೆದು ಗೇಟಿಗೆ ಅಂಟಿಸಿತು. ಅದರ ಸಾರ ಇಷ್ಟು. ಜಿಲ್ಲೆಯ ಗಡಿ ದಾಟಿ ಹೋಗಿ ಬಂದವರು ಏಳು ದಿನ ಹಾಸ್ಟೆಲಿನ ಕ್ವಾರಂಟೈನ್ ಕೊಠಡಿಯಲ್ಲಿ ಇರಬೇಕು. ಆ ಏಳು ದಿನ ತರಗತಿ ಇಲ್ಲ, ಹಾಜರಾತಿಯೂ ಇಲ್ಲ. ಆ ದಿನಗಳ ಊಟ ಪೊಟ್ಟಣದಲ್ಲಿ ಬರುತ್ತದೆ, ಅದಕ್ಕೆ ಬೇರೆ ಹಣ. ರಾಜ್ಯದ ಹೊರಗಿನಿಂದ ಬರುವವರು ಹಾಸ್ಟೆಲ್ ತಲುಪುವ ಹೊತ್ತಿಗೆ 72 ಗಂಟೆ ಮೀರದ, ಲ್ಯಾಬಿನಲ್ಲಿ ಮಾಡುವ ಕೋವಿಡ್ ಪರೀಕ್ಷೆಯಾದ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸೀಟು ರದ್ದು.

ಬರೆದವರ ಉದ್ದೇಶದಲ್ಲಿ ತಪ್ಪು ಹುಡುಕುವಂತಿಲ್ಲ. ಮೇ ತಿಂಗಳಲ್ಲಿ ಹಾಸಿಗೆಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರು, ಮನೆಯವರನ್ನು ಕಳೆದುಕೊಂಡವರು ಆ ಸಿಬ್ಬಂದಿಯಲ್ಲೇ ಇದ್ದರು. ಭಯದಲ್ಲಿ ಬರೆದ ನಿಯಮ ಅದು, ಆ ಭಯಕ್ಕೆ ಕಾರಣವೂ ಇತ್ತು.

ಗಡಿ ಎಂಬ ತೊಡಕು

ಮೊದಲ ತೊಡಕು ‘ಜಿಲ್ಲೆ’ ಎಂಬ ಪದದಲ್ಲೇ ಇತ್ತು. ದಾವಣಗೆರೆಯಿಂದ ಹರಿಹರ ಸುಮಾರು 14 ಕಿ.ಮೀ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ, ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ನಿಯಮದ ಪ್ರಕಾರ ಈ ದಂಡೆಯ ಹುಡುಗ ಮನೆಗೆ ಹೋಗಿ ಬಂದರೆ ಏನೂ ಇಲ್ಲ, ಆ ದಂಡೆಯವನಿಗೆ ಏಳು ದಿನ. ಅದೇ ಹೊತ್ತಿಗೆ ಜಿಲ್ಲೆಯ ಇನ್ನೊಂದು ತುದಿಯ ನ್ಯಾಮತಿಗೆ ಎರಡು ಬಸ್ಸು ಬದಲಿಸಿ, ನಿಂತುಕೊಂಡು ಹೋಗಿ, ನಡುವೆ ಶಿವಮೊಗ್ಗದ ಪೇಟೆ ಸುತ್ತಿ ಬಂದವನಿಗೆ ಯಾವ ಅಡ್ಡಿಯೂ ಇಲ್ಲ.

ಹರಪನಹಳ್ಳಿಯದು ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದು ಇಲ್ಲಿಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಕಾಗದದಲ್ಲಿ ಜಿಲ್ಲೆ ಎಷ್ಟು ಸಲ ಬದಲಾದರೂ ಅಲ್ಲಿಯ ಜನ ಆಸ್ಪತ್ರೆಗೂ ಕಾಲೇಜಿಗೂ ಬಟ್ಟೆ ಕೊಳ್ಳಲಿಕ್ಕೂ ಬರುವುದು ದಾವಣಗೆರೆಗೇ. ಅಲ್ಲಿಂದ ದಿನವೂ ಬಂದು ಹೋಗುವ ಡೇ ಸ್ಕಾಲರುಗಳು ಹಾಸ್ಟೆಲಿನವರ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದರು. ಅವರಿಗೆ ನಿಯಮ ತಾಗುತ್ತಿರಲಿಲ್ಲ. ದಿನಾ ಓಡಾಡುವವರನ್ನು ಬಿಟ್ಟು ತಿಂಗಳಿಗೊಮ್ಮೆ ಹೋಗುವವರನ್ನು ಮಾತ್ರ ಕೂಡಿ ಹಾಕಿದರೆ ಸೋಂಕು ತಡೆದಂತಾಗುವುದಿಲ್ಲ ಎಂದು ವಿದ್ಯಾರ್ಥಿಗಳು ಮೊದಲ ತಿಂಗಳಲ್ಲೇ ಹೇಳಿದರು. ಆಗ ಅದನ್ನು ತಕರಾರು ಎಂದು ತಳ್ಳಿಹಾಕಲಾಯಿತು.

ಎರಡನೇ ತೊಡಕು 72 ಗಂಟೆಯ ಲೆಕ್ಕ. ಜಾರ್ಖಂಡಿನ ಒಬ್ಬ ವಿದ್ಯಾರ್ಥಿ ಸೋಮವಾರ ಬೆಳಗ್ಗೆ ಗಂಟಲು ಮಾದರಿ ಕೊಟ್ಟ. ವರದಿ ಮಂಗಳವಾರ ರಾತ್ರಿ ಬಂತು. ಬುಧವಾರ ಬೆಳಗ್ಗೆ ರೈಲು ಹತ್ತಿದ. ಬೆಂಗಳೂರಿಗೆ ಬಂದು, ಅಲ್ಲಿಂದ ದಾವಣಗೆರೆಯ ಗಾಡಿ ಹಿಡಿದು ಗೇಟಿಗೆ ಬಂದಾಗ ಶುಕ್ರವಾರ ಮಧ್ಯಾಹ್ನ. ಮಾದರಿ ಕೊಟ್ಟು ನೂರು ಗಂಟೆ ದಾಟಿತ್ತು. ಅವನು ಎಲ್ಲೂ ತಡ ಮಾಡಿರಲಿಲ್ಲ, ಆದರೂ ಗೇಟಿನಲ್ಲಿ ವರದಿ ನಡೆಯುವುದಿಲ್ಲ ಎಂದರು. 72 ಗಂಟೆ ಎಂದು ಬರೆಯುವಾಗ ಎರಡು ತುದಿ ಹೇಳಬೇಕು: ಎಲ್ಲಿಂದ ಎಣಿಕೆ, ಎಲ್ಲಿಗೆ ಮುಕ್ತಾಯ. ಮಾದರಿ ಕೊಟ್ಟ ಗಳಿಗೆಯಿಂದ ಪ್ರಯಾಣ ಹೊರಡುವ ಗಳಿಗೆಯವರೆಗೆ ಎಂದರೆ ದೂರದವರೂ ಪಾಲಿಸಬಹುದು. ತಲುಪುವ ಗಳಿಗೆಯವರೆಗೆ ಎಂದರೆ ದೂರದ ಊರಿನವರು ಏನು ಮಾಡಿದರೂ ಪಾಲಿಸಲಾಗದು. ವರದಿಯ ಮೇಲೆ ಮಾದರಿ ಪಡೆದ ಸಮಯ ಬೇರೆ, ಫಲಿತಾಂಶ ಬಂದ ಸಮಯ ಬೇರೆ ಇರುತ್ತದೆ. ಗೇಟಿನ ಕಾವಲುಗಾರರಿಗೆ ಯಾವುದನ್ನು ನೋಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯದು ಹಣೆಗೆ ಹಿಡಿಯುವ ಜ್ವರದ ಗನ್ನು. ಅದು ಅಳೆಯುವುದು ಚರ್ಮದ ಬಿಸಿಯನ್ನು. ಬಸ್ ನಿಲ್ದಾಣದಿಂದ ಬ್ಯಾಗು ಹೊತ್ತು ಬಿಸಿಲಿನಲ್ಲಿ ನಡೆದು ಬಂದವರಿಗೆಲ್ಲ ಜ್ವರ ತೋರಿಸುತ್ತಿತ್ತು. ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಬಂದವರಿಗೆ ತೋರಿಸುತ್ತಿರಲಿಲ್ಲ. ಹತ್ತು ನಿಮಿಷ ನೆರಳಿನಲ್ಲಿ ಕೂರಿಸಿ ನೋಡಿದರೆ ಮೊದಲನೆಯ ತಪ್ಪು ಹೋಗುತ್ತದೆ. ಎರಡನೆಯದು ಕೇಳದೆ ತಿಳಿಯುವುದಿಲ್ಲ, ಕೇಳಿದರೂ ಶಿಕ್ಷೆಯ ಭಯ ಇರುವಲ್ಲಿ ಉತ್ತರ ಸಿಗುವುದಿಲ್ಲ.

ಹಬ್ಬದ ವಾರ

ಆ ವರ್ಷ ಗೌರಿ ಹಬ್ಬ ಸೆಪ್ಟೆಂಬರ್ 9, ಗಣೇಶನ ಹಬ್ಬ 10, ಶುಕ್ರವಾರ. ಬುಧವಾರ ಸಂಜೆಯಿಂದಲೇ ಹಾಸ್ಟೆಲ್ ಬರಿದಾಯಿತು. ಭಾನುವಾರ ಸಂಜೆ, ಸೋಮವಾರ ಬೆಳಗ್ಗೆ ಎಲ್ಲರೂ ವಾಪಸು ಬಂದರು. ರಾತ್ರಿ 9ರಿಂದ ಕರ್ಫ್ಯೂ ಇದ್ದದ್ದರಿಂದ ಭಾನುವಾರ ಸಂಜೆ ಏಳು ಎಂಟರ ನಡುವೆ ಗೇಟಿನಲ್ಲಿ ನೂಕುನುಗ್ಗಲು. ಏಳು ದಿನಗಳ ಕ್ವಾರಂಟೈನ್ ಕೊಠಡಿಗೆ ಹೋದವರು ನಾಲ್ವರೇ.

ಗುರುವಾರ ಇಬ್ಬರಿಗೆ ಜ್ವರ, ಮೈಕೈ ನೋವು. ಒಬ್ಬಳಿಗೆ ಊಟದ ವಾಸನೆ ಹತ್ತುತ್ತಿಲ್ಲ. ಶನಿವಾರದ ಹೊತ್ತಿಗೆ ಪಾಸಿಟಿವ್ ಆದವರು ಆರು ಮಂದಿ. ಅವರಲ್ಲಿ ಒಬ್ಬರು ಅಡುಗೆಮನೆಯ ಸಹಾಯಕರು.

ನಗರ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಬಂದು ಮೊದಲು ಕೇಳಿದ್ದು ಗೇಟಿನ ರಿಜಿಸ್ಟರನ್ನು. ಯಾರು ಎಲ್ಲಿಂದ ಬಂದರು, ಯಾರ ಜೊತೆ ಬಂದರು ಎಂದು ಗೊತ್ತಾದರೆ ಸಂಪರ್ಕದಲ್ಲಿದ್ದವರನ್ನು ಬೇಗ ಹುಡುಕಬಹುದು. ಸೋಂಕಿತರು ಲಕ್ಷಣ ಕಾಣುವ ಎರಡು ದಿನ ಮುಂಚಿನಿಂದಲೇ ಹರಡಬಲ್ಲರಾದ್ದರಿಂದ ಮಂಗಳವಾರದಿಂದ ಈಚೆಗೆ ಅವರ ಹತ್ತಿರ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂತವರು ಯಾರು ಎಂಬುದು ಒಂದು ಪಟ್ಟಿ, ಅವರಿಗೆ ಎಲ್ಲಿಂದ ತಗುಲಿತು ಎಂಬುದು ಇನ್ನೊಂದು. ಎರಡನೇ ಪಟ್ಟಿಗೆ ಬೇಕಾದದ್ದು ಹಬ್ಬದ ದಿನಗಳ ಓಡಾಟ.

ರಿಜಿಸ್ಟರಿನಲ್ಲಿ ಹೆಸರು, ಕೊಠಡಿ, ಹೋದ ಊರು, ಹೋದ ದಿನ, ಬಂದ ದಿನ, ಸಹಿ ಎಂಬ ಕಲಮುಗಳು. ಸೆಪ್ಟೆಂಬರ್ 12ರ ಪುಟದಲ್ಲಿ ‘ಹೋದ ಊರು’ ಎಂಬ ಕಡೆ ಮೇಲಿನಿಂದ ಕೆಳಗೆ ಸಾಲಾಗಿ ಹದಿಮೂರು ಸಲ ‘ಹರಿಹರ’ ಎಂದು ಬರೆದಿತ್ತು. ಒಂದೇ ನೀಲಿ ಪೆನ್ನು, ಒಂದೇ ಕೈಬರಹ, ‘ಹ’ದ ತಲೆಕಟ್ಟಿಗೆ ಒಂದೇ ತೆರನ ಬಾಲ. ಸಹಿಗಳು ಮಾತ್ರ ಬೇರೆ ಬೇರೆ. ಹದಿಮೂರರಲ್ಲಿ ನಿಜವಾಗಿ ಹರಿಹರದವರು ಇಬ್ಬರು. ಉಳಿದವರು ರಾಣೆಬೆನ್ನೂರು, ಹಿರೇಕೆರೂರು, ಹರಪನಹಳ್ಳಿ ಕಡೆಯವರು. ಜಿಲ್ಲೆಯೊಳಗಿನ ಹತ್ತಿರದ ಊರು ಎಂದರೆ ಹರಿಹರ, ಹಾಗಾಗಿ ಎಲ್ಲರೂ ಅದನ್ನೇ ಬರೆಸಿದ್ದರು.

ವೈದ್ಯಾಧಿಕಾರಿ ಆ ಪುಟವನ್ನು ನೋಡಿ ರಿಜಿಸ್ಟರ್ ಮುಚ್ಚಿ ಬದಿಗಿಟ್ಟರು. ಅದರಿಂದ ಪ್ರಯೋಜನವಿರಲಿಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳಿ, ನಿಜ ಹೇಳಿದರೆ ಸೀಟಿಗೆ ತೊಂದರೆ ಇಲ್ಲವೆಂದು ಮಾತು ಕೊಟ್ಟು, ನಿಜ ಹೊರಬರಲು ಎರಡು ದಿನ ಹಿಡಿಯಿತು. ಆ ಎರಡು ದಿನಗಳಲ್ಲಿ ಹೊರಗಿದ್ದ ಸಂಪರ್ಕಿತರಿಂದ ಇನ್ನೂ ಮೂವರಿಗೆ ಹರಡಿತ್ತು ಎಂದು ಆಮೇಲೆ ತಿಳಿಯಿತು. ಹನ್ನೊಂದು ಮಂದಿ ಸುಳ್ಳು ಬರೆಸಿದ್ದು ಸರಿ ಎಂದು ಯಾರೂ ಹೇಳುವುದಿಲ್ಲ. ಆದರೆ ಏಳು ದಿನದ ಹಾಜರಾತಿ, ಊಟದ ಹಣ, ಸೀಟಿನ ಭಯ ಮೂರನ್ನೂ ಒಂದು ಊರಿನ ಹೆಸರಿಗೆ ಕಟ್ಟಿದರೆ ಆ ಹೆಸರು ಬದಲಾಗದೆ ಇರುವುದಿಲ್ಲ. 75 ಶೇಕಡಾ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಅದೇ ಗೇಟಿನಲ್ಲಿ ಇನ್ನೊಂದು ನೋಟಿಸು ಇತ್ತು.

ಖಾಲಿ ಮಾಡಿಸುವುದೋ ಬೇಡವೋ

ಶನಿವಾರ ಮಧ್ಯಾಹ್ನ ಆಡಳಿತದವರು ಹಾಸ್ಟೆಲ್ ಖಾಲಿ ಮಾಡಿಸುವ ಆದೇಶ ಟೈಪ್ ಮಾಡಿಸಿದರು. ಭಾನುವಾರ ಬೆಳಗ್ಗೆ ಹತ್ತರೊಳಗೆ ಎಲ್ಲರೂ ಊರಿಗೆ ಹೋಗಬೇಕು. ಹಿಂದಿನ ಎರಡೂ ಅಲೆಗಳಲ್ಲಿ ಎಲ್ಲ ಕಡೆ ಹೀಗೇ ಆಗಿತ್ತು, ಹಾಗಾಗಿ ಇದೇ ದಾರಿ ಎಂದು ಎಲ್ಲರಿಗೂ ಅನ್ನಿಸಿತ್ತು.

ಈ ಪ್ರಕರಣದ ಅತಿ ಮುಖ್ಯ ನಿರ್ಧಾರ ಆ ಸಂಜೆಯದು. ವೈದ್ಯಾಧಿಕಾರಿ ಆ ಆದೇಶ ಬೇಡ ಎಂದರು. ಅವರು ಕೊಟ್ಟ ಕಾರಣ ಸರಳ. ಇಲ್ಲಿ ಈಗ ಇನ್ನೂರು ಮಂದಿ ಇದ್ದಾರೆ, ಯಾರಿಗೆ ತಗುಲಿದೆ ಎಂದು ಪೂರ್ತಿ ಗೊತ್ತಿಲ್ಲ. ಇವರನ್ನು ಒಂದೇ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಬಿಟ್ಟರೆ ಹತ್ತು ತಾಲ್ಲೂಕಿನ ಹಳ್ಳಿಗಳಿಗೆ ಹೋಗುತ್ತಾರೆ. ಅಲ್ಲಿ ಒಂದು ಕೋಣೆಯ ಮನೆಯಲ್ಲಿ ಅಜ್ಜ ಅಜ್ಜಿ ಇರುತ್ತಾರೆ, ಅವರಲ್ಲಿ ಎಷ್ಟು ಜನರಿಗೆ ಲಸಿಕೆ ಆಗಿದೆಯೋ ತಿಳಿಯದು, ಉಸಿರಾಟ ಕೆಟ್ಟರೆ ಆಸ್ಪತ್ರೆಗೆ ಮತ್ತೆ ದಾವಣಗೆರೆಗೋ ಚಿತ್ರದುರ್ಗಕ್ಕೋ ಬರಬೇಕು. ಇಲ್ಲಿಯೇ ಇದ್ದರೆ ಇಪ್ಪತ್ತು ವರ್ಷದ ಹುಡುಗರು, ಜಿಲ್ಲಾ ಆಸ್ಪತ್ರೆ ಹತ್ತಿರ, ಮೇಲ್ವಿಚಾರಣೆ ಸುಲಭ.

ಪ್ರಯಾಣ ನಿಯಮಗಳನ್ನು ಬರೆಯುವವರು ಸಾಮಾನ್ಯವಾಗಿ ಒಳಗೆ ಬರುವವರ ಬಗ್ಗೆ ಮಾತ್ರ ಯೋಚಿಸುತ್ತಾರೆ. ಕ್ಯಾಂಪಸ್ಸನ್ನು ಊರಿನಿಂದ ಕಾಪಾಡುವುದು ಅವರ ಕೆಲಸ ಎಂದುಕೊಳ್ಳುತ್ತಾರೆ. ಊರನ್ನು ಕ್ಯಾಂಪಸ್ಸಿನಿಂದ ಕಾಪಾಡುವುದೂ ಅಷ್ಟೇ ದೊಡ್ಡ ಕೆಲಸ. ಈ ಸಂಸ್ಥೆಯ ಮೊದಲ ನಿಯಮದಲ್ಲಿ ಹೊರಗೆ ಹೋಗುವವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆದೇಶ ಹೊರಬೀಳಲಿಲ್ಲ. ಪಾಸಿಟಿವ್ ಆದವರನ್ನು ಬೇರೆ ಕಟ್ಟಡಕ್ಕೆ, ಹತ್ತಿರದ ಸಂಪರ್ಕದಲ್ಲಿದ್ದವರನ್ನು ಮೇಲ್ಮಹಡಿಗೆ, ಉಳಿದವರನ್ನು ಇದ್ದಲ್ಲೇ ಎಂದು ಮೂರು ಗುಂಪು ಮಾಡಿದರು. ಆಗಿನ ಮಾರ್ಗಸೂಚಿಯ ಪ್ರಕಾರ ಸೌಮ್ಯ ಲಕ್ಷಣದವರ ಪ್ರತ್ಯೇಕವಾಸ ಲಕ್ಷಣ ಕಂಡ ದಿನದಿಂದ 10 ದಿನ, ಕೊನೆಯ ಮೂರು ದಿನ ಜ್ವರ ಇರಬಾರದು. ಬಿಡುಗಡೆಗೆ ಮತ್ತೆ ಪರೀಕ್ಷೆ ಬೇಕಿಲ್ಲ. ಒಮ್ಮೆ ಪಾಸಿಟಿವ್ ಆದವರಿಗೆ ಆರ್‌ಟಿ-ಪಿಸಿಆರ್ ಮತ್ತೆ ಮಾಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಮೇ 4ರಂದೇ ಹೇಳಿತ್ತು. ಸತ್ತ ವೈರಸ್ಸಿನ ಚೂರುಗಳು ವಾರಗಟ್ಟಲೆ ಉಳಿದು ಪಾಸಿಟಿವ್ ತೋರಿಸಬಹುದು. ಇದು ಗೊತ್ತಿಲ್ಲದೆ ಹಲವು ಸಂಸ್ಥೆಗಳು ಗುಣವಾದ ಮಕ್ಕಳನ್ನೂ ‘ನೆಗೆಟಿವ್ ತಂದರೆ ಮಾತ್ರ ಒಳಗೆ’ ಎಂದು ಹೊರಗಿಟ್ಟವು.

ಭಾನುವಾರ ಬೆಳಗ್ಗೆ ಜಗಳೂರು ತಾಲ್ಲೂಕಿನ ಒಬ್ಬ ತಂದೆ ಸುದ್ದಿ ಕೇಳಿ ಗೂಡ್ಸ್ ಗಾಡಿಯಲ್ಲಿ ಬಂದು ಗೇಟಿನ ಹೊರಗೆ ನಿಂತರು.

“ನಮ್ ಹುಡುಗಿನ ಕಳಿಸಿಕೊಡ್ರಿ ಸರ್. ಏನೇ ಆದ್ರೂ ನಮ್ ಕಣ್ಮುಂದೆ ಆಗ್ಲಿ.”

“ಹುಡುಗಿ ಆರಾಮ್ ಇದಾಳೆ ಯಜಮಾನ್ರೆ. ಮನೇಲಿ ಯಾರ್ಯಾರು ಇದೀರಿ?” ಎಂದು ವಾರ್ಡನ್ ಕೇಳಿದರು.

“ನಾವಿಬ್ರು, ನಮ್ಮವ್ವ, ತಮ್ಮನ ಮಕ್ಳು ಮೂರು.”

“ಅವ್ವಾರಿಗೆ ಇಂಜೆಕ್ಷನ್ ಆಗಿದೆಯಾ?”

ಆಗಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮಗಳನ್ನು ಮಹಡಿಯ ಕಿಟಕಿಯಲ್ಲಿ ನೋಡಿ ಮಾತಾಡಿಸಿ, ತಂದಿದ್ದ ರೊಟ್ಟಿ ಗಂಟು ಕೊಟ್ಟು ಹೋದರು. ಮರುದಿನವೇ ಅವರ ಊರಿನ ಆಶಾ ಕಾರ್ಯಕರ್ತೆಗೆ ಆರೋಗ್ಯ ಕೇಂದ್ರದಿಂದ ಫೋನ್ ಹೋಯಿತು, ಅಜ್ಜಿಗೆ ಲಸಿಕೆಯೂ ಆಯಿತು. ಒತ್ತಾಯ ಮಾಡಿದ ಇನ್ನಿಬ್ಬರು ಪೋಷಕರಿಗೆ ಮಕ್ಕಳನ್ನು ಕರೆದೊಯ್ಯಲು ಬಿಟ್ಟರು, ಐದು ಷರತ್ತಿನ ಮೇಲೆ: ಸ್ವಂತ ಗಾಡಿ, ಕಿಟಕಿ ತೆರೆದು ಎಲ್ಲರಿಗೂ ಮಾಸ್ಕ್, ಹೊರಡುವ ಮುನ್ನ ಪರೀಕ್ಷೆ, ಮನೆಯಲ್ಲಿ ಬೇರೆ ಕೋಣೆ ಇರುವುದು ಖಾತ್ರಿ, ಊರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸುವುದು.

ಒಟ್ಟು ಒಂಬತ್ತು ಮಂದಿಗೆ ಸೋಂಕು ತಗುಲಿತು. ಯಾರಿಗೂ ಆಮ್ಲಜನಕ ಬೇಕಾಗಲಿಲ್ಲ. ಇದರಲ್ಲಿ ನಿಯಮದ ಹೆಚ್ಚುಗಾರಿಕೆ ಏನಿಲ್ಲ, ವಯಸ್ಸು ಚಿಕ್ಕದು, ಒಂದು ಡೋಸ್ ಆದರೂ ಬಿದ್ದಿತ್ತು. ನಿರ್ಧಾರದ ಫಲ ಕಂಡದ್ದು ಬೇರೆ ಕಡೆ: ಹಾಸ್ಟೆಲಿನಿಂದ ಯಾವ ಮನೆಗೂ ಸೋಂಕು ಹೋದ ಸುದ್ದಿ ಬರಲಿಲ್ಲ.

ಮೊದಲು ಬಿಗಿ, ಆಮೇಲೆ ತಿದ್ದುಪಡಿ

ನಿಯಮ ತಕ್ಷಣ ಬದಲಾಗಲಿಲ್ಲ. ಮೊದಲ ಹತ್ತು ದಿನ ಆಡಳಿತ ಇನ್ನಷ್ಟು ಬಿಗಿ ಮಾಡಿ ನೋಡಿತು. ಗೇಟಿಗೆ ಇನ್ನೊಬ್ಬ ಕಾವಲುಗಾರ, ಬಂದವರೆಲ್ಲ ಬಸ್ ಟಿಕೆಟ್ ತೋರಿಸಬೇಕು ಎಂಬ ಹೊಸ ಸಾಲು. ಇದು ಎರಡು ದಿನವೂ ನಿಲ್ಲಲಿಲ್ಲ. ಪಾಸ್ ಇರುವ ವಿದ್ಯಾರ್ಥಿಯ ಹತ್ತಿರ ಟಿಕೆಟ್ಟೇ ಇರುವುದಿಲ್ಲ. ರಾಣೆಬೆನ್ನೂರಿನಿಂದ ಬರುವವರು ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಕೈಯಲ್ಲಿ ಹರಿಹರ–ದಾವಣಗೆರೆ ಟಿಕೆಟ್ ಇರುತ್ತದೆ. ಸುಳ್ಳು ಹೇಳಿಸುವ ನಿಯಮಕ್ಕೆ ಪುರಾವೆ ಕೇಳಿದರೆ ಸುಳ್ಳಿನ ಪುರಾವೆಯೂ ಸಿದ್ಧವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಇಳಿದು ಹತ್ತುವುದರಿಂದ ಒಂದು ಬಸ್ಸಿನ ಸಂಪರ್ಕ ಎರಡು ಬಸ್ಸಿನದಾಯಿತು.

ಅಕ್ಟೋಬರ್ ಮೊದಲ ವಾರ ಹೊಸ ಸಮಿತಿ ಕೂತಿತು. ಇಬ್ಬರು ವಾರ್ಡನ್, ಇಬ್ಬರು ಅಧ್ಯಾಪಕರು, ವೈದ್ಯಾಧಿಕಾರಿ, ಮೆಸ್ ನೋಡಿಕೊಳ್ಳುವವರು, ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದರ ಲಾಭ ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿತು. ಹರಿಹರದಲ್ಲಿ ಇಳಿದು ಹತ್ತುವ ಉಪಾಯವನ್ನು ಬಾಯಿಬಿಟ್ಟು ಹೇಳಿದವರು ಅವರೇ.

ಸಮಿತಿ ಮೊದಲು ಮಾಡಿದ ಕೆಲಸ ಸರ್ಕಾರದ ನಿಯಮವನ್ನೂ ಸಂಸ್ಥೆಯ ನಿಯಮವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದದ್ದು. ರಾಜ್ಯ ಮತ್ತು ಜಿಲ್ಲಾಡಳಿತದ ಆದೇಶವನ್ನು ಸಂಸ್ಥೆ ಸಡಿಲಿಸುವಂತಿಲ್ಲ. ಆಗಸ್ಟ್ ಕೊನೆಯಿಂದ ಕೇರಳದಿಂದ ಬರುವವರಿಗೆ ನೆಗೆಟಿವ್ ವರದಿ ಇದ್ದರೂ ಏಳು ದಿನ ಸಾಂಸ್ಥಿಕ ಕ್ವಾರಂಟೈನ್ ಕಡ್ಡಾಯವಾಗಿತ್ತು. ಸೆಪ್ಟೆಂಬರಿನಲ್ಲಿ ಸರ್ಕಾರ ಇನ್ನೂ ಮುಂದೆ ಹೋಗಿ, ಕೇರಳಕ್ಕೆ ಹೋದವರು ಅಕ್ಟೋಬರ್ ಕೊನೆಯವರೆಗೆ ವಾಪಸಾಗುವುದನ್ನು ಮುಂದೂಡಲಿ ಎಂದಿತ್ತು. ಇದರಲ್ಲಿ ವಾರ್ಡನ್ ಕೈಯಲ್ಲಿ ಏನೂ ಇಲ್ಲ. ಹಾಗಿರುವಾಗ ಅದನ್ನು ಹಾಸ್ಟೆಲಿನ ನಿಯಮದ ಜೊತೆ ಬೆರೆಸಿ ಬರೆದರೆ ಮಕ್ಕಳು ಎಲ್ಲವನ್ನೂ ವಾರ್ಡನ್ ಹಟ ಎಂದುಕೊಳ್ಳುತ್ತಾರೆ. ಸರ್ಕಾರದ ಹಾಳೆಯ ಮೇಲೆ ಆದೇಶದ ದಿನಾಂಕ, ಕೊನೆಗೆ ‘ಇಂದಿನವರೆಗೆ ಪರಿಶೀಲಿಸಿದ್ದು’ ಎಂಬ ದಿನಾಂಕ ಹಾಕಿ ಪ್ರತಿ ಸೋಮವಾರ ಹೊಸದು ಅಂಟಿಸುವ ಹೊಣೆಯನ್ನು ಒಬ್ಬ ಗುಮಾಸ್ತರಿಗೆ ವಹಿಸಿದರು.

ಆಮೇಲೆ ‘ಹೋದ ಊರು’ ಎಂಬ ಕಲಮನ್ನೇ ಕಿತ್ತುಹಾಕಿದರು. ಅದರ ಜಾಗದಲ್ಲಿ ಐದು ಪ್ರಶ್ನೆ ಬಂದವು. ಕಳೆದ ಹತ್ತು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಅಥವಾ ಹತ್ತಿರದಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಪಾಸಿಟಿವ್? ಮದುವೆ, ತಿಥಿ, ಜಾತ್ರೆಯಂಥ ಕಡೆ ಕೂತು ಊಟ ಮಾಡಿದಿರಾ? ಯಾವ ಗಾಡಿಯಲ್ಲಿ ಎಷ್ಟು ಗಂಟೆ ಪ್ರಯಾಣ, ಜೊತೆಗೆ ಹಾಸ್ಟೆಲಿನವರು ಯಾರಿದ್ದರು? ಲಸಿಕೆ ಎಷ್ಟು ಡೋಸ್, ಕೊನೆಯದು ಯಾವಾಗ? ಇವತ್ತು ಮೈ ಹೇಗಿದೆ, ಮಾತ್ರೆ ಏನಾದರೂ ನುಂಗಿದ್ದೀರಾ? ಮೂರನೇ ಪ್ರಶ್ನೆಯ ‘ಜೊತೆಗೆ ಯಾರಿದ್ದರು’ ಎಂಬುದು ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬಂತು.

ಉತ್ತರದ ಮೇಲೆ ಮೂರು ದಾರಿ. ಎಲ್ಲಕ್ಕೂ ‘ಇಲ್ಲ’ ಎಂದವರು ಮಾಸ್ಕ್ ಹಾಕಿ ತರಗತಿಗೆ ಹೋಗಬಹುದು, ಹತ್ತು ದಿನ ಊಟ ಮಾತ್ರ ಎರಡನೇ ಪಂಕ್ತಿಯಲ್ಲಿ, ನಡುವೆ ಜಾಗ ಬಿಟ್ಟು. ಸೋಂಕಿತರ ಸಂಪರ್ಕ ಇದ್ದವರು ಏಳು ದಿನ ಬೇರೆ ಕೊಠಡಿ, ಐದನೇ ದಿನ ಪರೀಕ್ಷೆ. ಲಕ್ಷಣ ಇದ್ದವರಿಗೆ ಅದೇ ದಿನ ಪರೀಕ್ಷೆ. ಬೇಗ ಫಲಿತಾಂಶ ಕೊಡುವ ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂದರೂ ಆರ್‌ಟಿ-ಪಿಸಿಆರ್ ಆಗಲೇಬೇಕು.

ಐದನೇ ದಿನ ಯಾಕೆ ಎಂದು ಬಹಳ ಮಂದಿ ಕೇಳಿದರು. ಬಂದ ದಿನವೇ ಮಾಡುವ ಪರೀಕ್ಷೆ ಹಿಂದಿನ ವಾರ ತಗುಲಿದ್ದನ್ನು ಹಿಡಿಯುತ್ತದೆ, ಬಸ್ಸಿನಲ್ಲಿ ಅವತ್ತೇ ತಗುಲಿದ್ದನ್ನು ಹಿಡಿಯುವುದಿಲ್ಲ. ತಗುಲಿದ ಮೇಲೆ ಮೂಗು ಗಂಟಲಲ್ಲಿ ಅದು ಎಣಿಕೆಗೆ ಸಿಗುವಷ್ಟು ಬೆಳೆಯಲು ಕೆಲವು ದಿನ ಬೇಕು. ಗೇಟಿನಲ್ಲಿ ನೆಗೆಟಿವ್ ಚೀಟಿ ನೋಡಿ ನಿರಾಳವಾಗುವುದು ಆ ಕಾಲದ ದೊಡ್ಡ ತಪ್ಪುಗಳಲ್ಲಿ ಒಂದು.

ಇಷ್ಟೆಲ್ಲ ನಿಲ್ಲುವುದು ಒಂದು ಸಾಲಿನ ಮೇಲೆ: ನಿಜ ಹೇಳಿದ್ದರಿಂದ ಯಾರಿಗೂ ನಷ್ಟವಾಗಬಾರದು. ಬೇರೆ ಕೊಠಡಿಯಲ್ಲಿ ಇದ್ದ ದಿನಗಳ ಹಾಜರಾತಿ ಪೂರ್ತಿ. ಊಟಕ್ಕೆ ಹೆಚ್ಚುವರಿ ಹಣ ಇಲ್ಲ. ಮನೆಯಲ್ಲಿ ಸಾವು ನೋವು ಆದರೆ ಮೊದಲೇ ಅನುಮತಿ ಬೇಕಿಲ್ಲ, ಹೋಗಿ ಫೋನ್ ಮಾಡಿದರೆ ಸಾಕು. ನಮೂನೆಗಳು ಒಬ್ಬ ವಾರ್ಡನ್ ಬಳಿ ಮಾತ್ರ, ಮೂವತ್ತು ದಿನಕ್ಕೆ ಹರಿದು ಹಾಕಬೇಕು. ಈ ಕೊನೆಯದಕ್ಕೆ ಕಾರಣವಿತ್ತು: ಸೆಪ್ಟೆಂಬರಿನಲ್ಲಿ ಪಾಸಿಟಿವ್ ಆದವರ ಹೆಸರಿನ ಪಟ್ಟಿ ವಾಟ್ಸಾಪ್ ಗುಂಪಿಗೆ ಬಿದ್ದು, ಒಬ್ಬ ಹುಡುಗಿ ಗುಣವಾದ ಮೇಲೂ ಎರಡು ವಾರ ಊಟದ ಹಾಲಿಗೆ ಬರಲಿಲ್ಲ.

ಕೊಠಡಿಯ ಲೆಕ್ಕ

ನಿಯಮ ಎಷ್ಟು ಚೆನ್ನಾಗಿದ್ದರೂ ಕೊಠಡಿ ಇಲ್ಲದಿದ್ದರೆ ಸೋಲುತ್ತದೆ. ಹಾಸ್ಟೆಲಿನಲ್ಲಿ ಬೇರೆ ಇರಿಸಲು ಸಿಕ್ಕ ಕೊಠಡಿ ಹತ್ತು, ಶೌಚಾಲಯ ಎರಡು. ಕೊಠಡಿಗೆ ಒಬ್ಬರೇ, ಯಾಕೆಂದರೆ ಸಂಪರ್ಕಿತರಿಬ್ಬರನ್ನು ಒಟ್ಟಿಗೆ ಹಾಕಿದರೆ ಒಬ್ಬರಿಂದ ಇನ್ನೊಬ್ಬರಿಗೆ ತಗುಲಿ ಏಳು ದಿನ ಮತ್ತೆ ಮೊದಲಿನಿಂದ. ಮೊದಲ ನಿಯಮದಂತೆ ಹಬ್ಬಕ್ಕೆ ಜಿಲ್ಲೆ ದಾಟಿದ ಎಲ್ಲರೂ ನಿಜ ಬರೆಸಿದ್ದರೆ ಎಪ್ಪತ್ತಕ್ಕೂ ಹೆಚ್ಚು ಕೊಠಡಿ ಬೇಕಿತ್ತು. ಪಾಲಿಸಲು ಜಾಗವೇ ಇಲ್ಲದ ನಿಯಮ ಅದು. ಬರೆಯುವ ಮುನ್ನ ಯಾರೂ ಕೊಠಡಿ ಎಣಿಸಿರಲಿಲ್ಲ.

ದಸರೆಗೆ ಈ ಲೆಕ್ಕ ಮೊದಲೇ ಮಾಡಿದರು. ವಿಜಯದಶಮಿ ಅಕ್ಟೋಬರ್ 15. ವಾಪಸು ಬರುವುದನ್ನು ಮಹಡಿಗೊಂದು ದಿನ ಎಂದು ಮೂರು ದಿನಕ್ಕೆ ಹಂಚಿದರು. ಹೊರಡುವ ಮುಂಚೆಯೇ ಮನೆಯಿಂದ ವಾರ್ಡನ್‌ಗೆ ಫೋನ್ ಮಾಡಿ ಐದು ಪ್ರಶ್ನೆಗೆ ಉತ್ತರಿಸಬೇಕು. ಮನೆಯಲ್ಲಿ ಜ್ವರ ಇದ್ದವರು ಅಲ್ಲೇ ಏಳು ದಿನ ಉಳಿದು ಆನ್‌ಲೈನ್ ತರಗತಿ ಕೇಳಬಹುದು, ಹಾಜರಾತಿ ಸಿಗುತ್ತದೆ. ಹೀಗೆ ಎಂಟು ಮಂದಿ ಬಸ್ಸು ಹತ್ತುವ ಮೊದಲೇ ನಿಂತರು. ಅವರಲ್ಲಿ ಇಬ್ಬರಿಗೆ ಊರಿನಲ್ಲೇ ಪಾಸಿಟಿವ್ ಆಯಿತು. ಗೇಟಿಗೆ ಬಂದ ಮೇಲೆ ಬೇರೆ ಕೊಠಡಿ ಬೇಕಾದವರು ಐವರು.

ಶೌಚಾಲಯ ಹಂಚಿಕೊಳ್ಳುವುದು ಅನಿವಾರ್ಯವಾದ್ದರಿಂದ ಬಾಗಿಲಿಗೆ ಸಮಯದ ಚೀಟಿ ಹಾಕಿದರು. ಒಬ್ಬರು ಬಂದ ಮೇಲೆ ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಬಿಡಬೇಕು. ಒರೆಸಲು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್: ಅಂಗಡಿಯಲ್ಲಿ ಸಿಗುವ ಶೇಕಡಾ 5ರ ದ್ರಾವಣ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಬೆಳಗ್ಗೆ ಕಲಸಿದ್ದು ಅವತ್ತಿಗೇ, ಮರುದಿನಕ್ಕೆ ಅದರ ಕಸುವು ಇಳಿಯುತ್ತದೆ. ಫಿನಾಯಿಲ್ ಅಥವಾ ಆಸಿಡ್ ಜೊತೆ ಬೆರೆಸಬಾರದು. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸೆಪ್ಟೆಂಬರಿನಲ್ಲಿ ಹೀಗೆ ಬೆರೆಸಿ ಸ್ವಚ್ಛತೆಯ ಅಕ್ಕ ಒಬ್ಬರು ಕೆಮ್ಮಿ ಕೆಮ್ಮಿ ಹೊರಗೆ ಓಡಿ ಬಂದಿದ್ದರು.

ಮುಂದೆ ಆದದ್ದು, ಉಳಿದು ಹೋದದ್ದು

ದೀಪಾವಳಿಗೂ ಇದೇ ಕ್ರಮ ನಡೆಯಿತು. ನವೆಂಬರ್ ಕೊನೆಯಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಒಂದು ಸಮಾರಂಭದ ನಂತರ ಸೋಂಕು ದೊಡ್ಡದಾಗಿ ಹರಡಿದಾಗ ರಾಜ್ಯವಿಡೀ ಹಾಸ್ಟೆಲುಗಳ ಮೇಲೆ ಕಣ್ಣು ಬಿತ್ತು, ಕೇರಳದಿಂದ ಬಂದ ವಿದ್ಯಾರ್ಥಿಗಳಿಗೆ ಎರಡನೇ ಪರೀಕ್ಷೆಯೂ ಕಡ್ಡಾಯವಾಯಿತು. ಈ ಸಂಸ್ಥೆಯಲ್ಲಿ ಸರ್ಕಾರದ ಹಾಳೆಯನ್ನು ಬದಲಿಸಿದರೆ ಸಾಕಾಯಿತು, ತಮ್ಮ ಹಾಳೆ ಮುಟ್ಟಬೇಕಾಗಲಿಲ್ಲ. ಡಿಸೆಂಬರ್ 2ರಂದು ವೈರಸ್ಸಿನ ಹೊಸ ತಳಿ ಒಮೈಕ್ರಾನಿನ ದೇಶದ ಮೊದಲ ಪ್ರಕರಣಗಳು ಬೆಂಗಳೂರಿನಲ್ಲಿ ಕಂಡವು. ಜನವರಿಯಲ್ಲಿ ಹಾಸ್ಟೆಲಿಗೂ ಬಂತು. ಈ ಸಲ ನಮೂನೆಗಳಲ್ಲಿ ‘ಜೊತೆಗೆ ಯಾರಿದ್ದರು’ ಎಂಬ ಸಾಲು ತುಂಬಿತ್ತು, ಸಂಪರ್ಕದ ಪಟ್ಟಿ ಒಂದೇ ಸಂಜೆಯಲ್ಲಿ ಸಿದ್ಧವಾಯಿತು. ಸೆಪ್ಟೆಂಬರಿನಲ್ಲಿ ಅದಕ್ಕೆ ಎರಡು ದಿನ ಹಿಡಿದಿತ್ತು. ಆದರೆ ಒಮೈಕ್ರಾನ್ ಹರಡುವ ವೇಗಕ್ಕೆ ಹತ್ತು ಕೊಠಡಿ ಮೂರನೇ ದಿನಕ್ಕೇ ತುಂಬಿದವು, ಒಂದು ಇಡೀ ಮಹಡಿಯನ್ನೇ ಬೇರೆ ಮಾಡಬೇಕಾಯಿತು. ಕೊಠಡಿಗೊಬ್ಬರು ಎಂಬ ನಿಯಮ ಅಲ್ಲಿಗೆ ಮುರಿಯಿತು. ಜನವರಿ 5ರ ಹೊಸ ಮಾರ್ಗಸೂಚಿ ಪ್ರತ್ಯೇಕವಾಸವನ್ನು ಏಳು ದಿನಕ್ಕೆ ಇಳಿಸಿದ್ದರಿಂದ ಹೇಗೋ ಸುಧಾರಿಸಿತು.

ಡೇ ಸ್ಕಾಲರುಗಳ ಪ್ರಶ್ನೆ ಕೊನೆಗೂ ಬಗೆಹರಿಯಲಿಲ್ಲ. ಅವರಿಗೂ ಐದು ಪ್ರಶ್ನೆ ಕೇಳುವ ಯೋಚನೆ ಇತ್ತು, ದಿನಾ ಬೆಳಗ್ಗೆ ಮುನ್ನೂರು ಮಂದಿಯನ್ನು ಕೇಳುವವರು ಸಿಗಲಿಲ್ಲ. ತರಗತಿಯ ಕಿಟಕಿಗಳನ್ನು ತೆರೆದಿಟ್ಟು, ಬೆಂಚಿಗೆ ಇಬ್ಬರಂತೆ ಕೂರಿಸುವುದಷ್ಟೇ ಸಾಧ್ಯವಾಯಿತು.

ಅಡುಗೆಮನೆಯದು ಇನ್ನೂ ನೋವಿನ ವಿಷಯ. ವಿದ್ಯಾರ್ಥಿಗೆ ನಷ್ಟವಿಲ್ಲ ಎಂದು ಬರೆದ ಸಮಿತಿ ಮೆಸ್ಸಿನ ಕೆಲಸದವರನ್ನು ಮೊದಲು ನೆನೆಯಲೇ ಇಲ್ಲ. ಅವರು ಗುತ್ತಿಗೆದಾರರ ಕೈಕೆಳಗೆ ದಿನಗೂಲಿಯವರು. ಸೆಪ್ಟೆಂಬರಿನಲ್ಲಿ ಪಾಸಿಟಿವ್ ಆದ ಸಹಾಯಕರು ಎರಡು ದಿನ ಜ್ವರ ಇಟ್ಟುಕೊಂಡೇ ಚಪಾತಿ ಲಟ್ಟಿಸಿದ್ದರು, ರಜೆ ಹಾಕಿದರೆ ಕೂಲಿ ಇಲ್ಲ ಎಂಬುದೇ ಕಾರಣ. ಅವರಿಗೆ ಹತ್ತು ದಿನದ ಕೂಲಿ ಕೊಡಿ ಎಂದು ಸಮಿತಿ ನವೆಂಬರಿನಲ್ಲಿ ಗುತ್ತಿಗೆದಾರರಿಗೆ ಪತ್ರ ಬರೆಯಿತು. ಐದು ದಿನದ್ದು ಬಂತು. ಜನವರಿಯಲ್ಲಿ ಮತ್ತಿಬ್ಬರು ಅಡುಗೆಯವರಿಗೆ ಜ್ವರ ಬಂದಾಗ ವಿದ್ಯಾರ್ಥಿ ಪ್ರತಿನಿಧಿಗಳು ಕೊಠಡಿ ಕೊಠಡಿಗೆ ಹೋಗಿ ಹಣ ಕೂಡಿಸಿ ಅವರ ಮನೆಗೆ ತಲುಪಿಸಿದರು. ಮುಂದಿನ ಗುತ್ತಿಗೆಯ ಕರಾರಿನಲ್ಲಿ ಸಾಂಕ್ರಾಮಿಕ ರಜೆಯ ಕೂಲಿಯನ್ನು ಸೇರಿಸಬೇಕು ಎಂಬ ಸಮಿತಿಯ ಶಿಫಾರಸು ಆಡಳಿತದ ಕಡತದಲ್ಲಿ ಇನ್ನೂ ತೀರ್ಮಾನಕ್ಕೆ ಕಾದಿದೆ.